ಅಡಿಕೆ ಸೊಸೈಟಿಯ ಲೆಕ್ಕವನ್ನು ಆಡಿಟರ್ ಪರೀಕ್ಷಿಸುವುದು ಹೇಗೆ? ವಕಾರಿಯಿಂದ ಅಢಾವೆ ಪತ್ರಿಕೆಯವರೆಗೆ

ಮಾರ್ಚ್ 31 ದಾಟಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೊಸೈಟಿಗಳಲ್ಲಿ ಆಡಿಟ್ ತಯಾರಿ ಶುರು. ಸೆಪ್ಟೆಂಬರ್‌ನ ಸರ್ವಸಾಧಾರಣ ಸಭೆಯ ಮೊದಲು ವರದಿ ಅಚ್ಚಾಗಿ ಸದಸ್ಯರ ಮನೆ ಸೇರಬೇಕು. ಆ ಪುಸ್ತಕದಲ್ಲಿ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಇರುತ್ತದೆ, ಲಾಭ-ಹಾನಿ ಪತ್ರಿಕೆ ಇರುತ್ತದೆ, ಕೆಳಗೆ ಆಡಿಟರ್ ಸಹಿ ಇರುತ್ತದೆ. ಸದಸ್ಯರು ಸಾಮಾನ್ಯವಾಗಿ ಡಿವಿಡೆಂಡ್ ಎಷ್ಟು ಅಂತ ನೋಡಿ ಪುಸ್ತಕ ಮಡಚಿಡುತ್ತಾರೆ. ಆ ಸಹಿಯ ಹಿಂದೆ ಏನೇನು ಪರೀಕ್ಷೆ ನಡೆದಿರಬೇಕು ಎಂಬುದನ್ನು ಹಂತ ಹಂತವಾಗಿ ಹೇಳುವುದು ಇಲ್ಲಿನ ಉದ್ದೇಶ. ಆರ್ಟಿಕಲ್‌ಶಿಪ್‌ಗೆ (ಸಿಎ ಕಚೇರಿಯ ತರಬೇತಿಗೆ) ಈಗಷ್ಟೇ ಸೇರಿದವರು, ಮೊದಲ ಸಲ ನಿರ್ದೇಶಕರಾಗಿ ಆಯ್ಕೆಯಾದವರು, ಸೊಸೈಟಿಯಲ್ಲಿ ಲೆಕ್ಕ ಬರೆಯುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೆಲಸಕ್ಕೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಡಿಟ್‌ನಲ್ಲಿ ಯಾವ ಕಾಗದ ಕೈಗೆ ಬಂದರೂ ಕೇಳಬೇಕಾದ ಪ್ರಶ್ನೆ ಇದು: ಈ ಕಾಗದ ಯಾರ ಕೈಯಲ್ಲಿ ಹುಟ್ಟಿತು? ಹಣ ಇಟ್ಟುಕೊಂಡವರೇ ಬರೆದ ಕಾಗದಕ್ಕೆ ಬೆಲೆ ಕಡಿಮೆ. ಬ್ಯಾಂಕು, ವ್ಯಾಪಾರಿ, ರೈತ, ವಿದ್ಯುತ್ ಕಂಪನಿ ಹೀಗೆ ಹೊರಗಿನವರು ಬರೆದು ನೇರವಾಗಿ ಆಡಿಟರ್ ಕೈಗೆ ಕೊಟ್ಟದ್ದಕ್ಕೆ ಬೆಲೆ ಜಾಸ್ತಿ. ಮುಂದೆ ಬರುವ ಪ್ರತಿ ಹಂತದಲ್ಲೂ ನಾವು ಇದೇ ಪ್ರಶ್ನೆಯನ್ನು ಬೇರೆ ಬೇರೆ ಜಾಗದಲ್ಲಿ ನಿಂತು ಕೇಳುತ್ತೇವೆ.

ಶುರು ಮಾಡುವ ಮೊದಲು

ಸಹಕಾರ ಸಂಘಗಳಿಗೆ ಪ್ರತಿ ವರ್ಷ ಆಡಿಟ್ ಕಡ್ಡಾಯ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 63ನೇ ಕಲಂ ಇದನ್ನು ಹೇಳುತ್ತದೆ. ಕಂಪನಿಗಳಿಗಾದರೆ 2013ರ ಕಂಪನಿ ಕಾಯ್ದೆ. ಅದರ 143ನೇ ಕಲಂ ಪ್ರಕಾರ ಲೆಕ್ಕಪತ್ರ ಸರಿಯಿದೆಯೇ ಎನ್ನುವುದರ ಜೊತೆಗೆ, ಒಳಗಿನ ಹಣಕಾಸು ನಿಯಂತ್ರಣ ಸರಿಯಾಗಿ ನಡೆಯುತ್ತಿದೆಯೇ ಎಂದೂ ಆಡಿಟರ್ ಬರೆಯಬೇಕು. ಸಣ್ಣ ಖಾಸಗಿ ಕಂಪನಿಗಳಿಗೆ ಇದರಲ್ಲಿ ವಿನಾಯಿತಿ ಇದೆ. ಕಾನೂನು ಬೇರೆಯಾದರೂ ಪರೀಕ್ಷೆ ಮಾಡುವ ರೀತಿ ಒಂದೇ. ಚಾರ್ಟರ್ಡ್ ಅಕೌಂಟೆಂಟ್ ಸಂಸ್ಥೆ ಹೊರಡಿಸಿದ ಆಡಿಟ್ ಮಾನದಂಡಗಳು, ಅಂದರೆ ನಾವು ದಿನವೂ ಎಸ್‌ಎ ಎಂದು ಕರೆಯುವಂಥವು, ಈ ರೀತಿಯನ್ನು ವಿವರಿಸುತ್ತವೆ.

ಮೊದಲು ಓದಬೇಕಾದ್ದು ಮೂರು. ಹಿಂದಿನ ವರ್ಷದ ಆಡಿಟ್ ವರದಿ, ಅದಕ್ಕೆ ಸಂಘ ಕೊಟ್ಟ ಅನುಪಾಲನಾ ವರದಿ (ತಪ್ಪು ತಿದ್ದಿದ ಬಗ್ಗೆ ಉತ್ತರ), ಆಡಳಿತ ಮಂಡಳಿಯ ಠರಾವು ಪುಸ್ತಕ. ಠರಾವು ಪುಸ್ತಕವನ್ನು ಸುಮ್ನೆ ತಿರುವಿ ಹಾಕಬಾರದು, ಮೊದಲ ಪುಟದಿಂದ ಕೊನೆಯವರೆಗೆ ಓದಬೇಕು. ಯಾವ ವ್ಯಾಪಾರಿಗೆ ಉದ್ರಿ ಮಿತಿ ಏರಿಸಿದರು, ಯಾವ ನಿರ್ದೇಶಕರ ಸಂಬಂಧಿಕರಿಗೆ ಸಾಲ ಕೊಟ್ಟರು, ಯಾವ ಸಿಬ್ಬಂದಿಯನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಹಾಕಿದರು, ಎಲ್ಲ ಅಲ್ಲಿಯೇ ಸಿಗುತ್ತದೆ. ಆಡಿಟರ್ ಆದವರಿಗೆ ಆ ಸಂಘದಲ್ಲಿ ಸಾಲವಾಗಲಿ, ಮಂಡಳಿಯಲ್ಲಿ ಹತ್ತಿರದ ನೆಂಟರಾಗಲಿ ಇರಬಾರದು. ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರು ನಮ್ಮದು. ಹಾಗಾಗಿ ಇದನ್ನು ಒಪ್ಪಿಕೊಳ್ಳುವ ಮೊದಲೇ ವಿಚಾರಿಸಿ ಬರೆದಿಡುವುದು ಒಳ್ಳೆಯದು.

ಎಷ್ಟು ದೊಡ್ಡ ತಪ್ಪು ದೊಡ್ಡದು?

ಒಂದೊಂದು ಪಾವತಿಯನ್ನೂ ನೋಡಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ, ಎಷ್ಟು ರೂಪಾಯಿಯ ತಪ್ಪು ಇದ್ದರೆ ಲೆಕ್ಕ ಓದುವವರ ತೀರ್ಮಾನ ಬದಲಾಗುತ್ತದೆ ಎಂಬ ಗೆರೆಯನ್ನು ಮೊದಲೇ ಎಳೆದುಕೊಳ್ಳಬೇಕು. ಎಸ್‌ಎ 320 ಇದರ ಬಗ್ಗೆಯೇ ಇದೆ. ಲಾಭಕ್ಕಾಗಿ ನಡೆಯುವ ಕಂಪನಿಯಲ್ಲಿ ತೆರಿಗೆ ಮುಂಚಿನ ಲಾಭದ ಶೇ 5 ಎಂದು ಹಿಡಿಯುವುದು ರೂಢಿ. ಸಹಕಾರ ಸಂಘದಲ್ಲಿ ಲಾಭ ತೆಳುವಾಗಿರುತ್ತದೆ. ಅಲ್ಲಿ ಒಟ್ಟು ಆಸ್ತಿಯ ಶೇ 1ರಷ್ಟು ಹಿಡಿಯುವುದು ಹೆಚ್ಚು ಸರಿ.

ಒಂದು ಲೆಕ್ಕ ಹಾಕೋಣ. ಸಂಘದ ಒಟ್ಟು ಆಸ್ತಿ 40 ಕೋಟಿ ಅಂದುಕೊಳ್ಳಿ. ಶೇ 1 ಅಂದರೆ 40 ಲಕ್ಷ. ಕಣ್ಣಿಗೆ ಬೀಳದ ಸಣ್ಣ ತಪ್ಪುಗಳು ಸೇರಿ ದೊಡ್ಡದಾಗಬಹುದಲ್ವಾ? ಅದಕ್ಕೆ ಕೆಲಸ ಮಾಡುವಾಗ ಅದರ ಶೇ 75, ಅಂದರೆ 30 ಲಕ್ಷವನ್ನು ಗೆರೆಯಾಗಿ ಇಟ್ಟುಕೊಳ್ಳುತ್ತಾರೆ. 2 ಲಕ್ಷಕ್ಕಿಂತ ಕೆಳಗಿನ ತಪ್ಪನ್ನು ಪಟ್ಟಿಗೆ ಸೇರಿಸುವುದಿಲ್ಲ ಎಂದೂ ನಿರ್ಧರಿಸಬಹುದು.

ಆದರೆ ಈ ಗೆರೆ ಮೋಸಕ್ಕೆ ಅನ್ವಯಿಸುವುದಿಲ್ಲ. ಕ್ಯಾಷಿಯರ್ ಇಪ್ಪತ್ತು ಸಾವಿರ ಮುಟ್ಟಿದ್ದಾರೆ ಅಂದರೆ ಅದು ಸಣ್ಣ ವಿಷಯವಲ್ಲ. ನಿರ್ದೇಶಕರೊಬ್ಬರ ಸುಸ್ತಿ ಸಾಲವನ್ನು (ಅವಧಿ ಮೀರಿದರೂ ಕಟ್ಟದೇ ಉಳಿದದ್ದನ್ನು) ಚಾಲ್ತಿ ಎಂದು ತೋರಿಸಿದ್ದರೆ ಮೊತ್ತ ಐವತ್ತು ಸಾವಿರವಾದರೂ ಬರೆಯಲೇಬೇಕು.

ಒಂದು ಲಾಟನ್ನು ಹಿಡಿದು ನಡೆಯುವುದು

ಆಡಿಟ್‌ನಲ್ಲಿ ನನಗೆ ತುಂಬ ಮುಖ್ಯ ಅನಿಸುವ ಹಂತ ಇದು. ಪುಸ್ತಕ ತೆರೆಯುವ ಮೊದಲು ವಕಾರಿಗೆ, ಅಂದರೆ ಅಡಿಕೆ ಇಳಿಸಿ ಮಾರುವ ಗೋದಾಮಿಗೆ, ಹೋಗಬೇಕು. ಒಬ್ಬ ರೈತ ತಂದ ಒಂದು ಲಾಟ್ ಅಡಿಕೆಯನ್ನು ಗೇಟಿನಿಂದ ಹಿಡಿದು ಅವನ ಖಾತೆಗೆ ಹಣ ಬೀಳುವವರೆಗೆ ಹಿಂಬಾಲಿಸಬೇಕು.

ಮೂಟೆಗಳು ಗೇಟಿಗೆ ಬರುತ್ತವೆ. ಆವಕ ಪುಸ್ತಕದಲ್ಲಿ ಬರೆಯುತ್ತಾರೆ. ತೂಕವಾಗುತ್ತದೆ, ತೂಕದ ಚೀಟಿ ಹರಿಯುತ್ತಾರೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ಅಡಿಕೆಯ ಬಗೆ ಬೇರೆ ಮಾಡಿ ಲಾಟ್ ನಂಬರ್ ಕೊಡುತ್ತಾರೆ. ವ್ಯಾಪಾರಿಗಳು ಮಾಲು ನೋಡಿ ಟೆಂಡರ್ ಚೀಟಿ ಹಾಕುತ್ತಾರೆ. ಹೆಚ್ಚು ದರ ಬರೆದವರಿಗೆ ಲಾಟ್ ಹೋಗುತ್ತದೆ. ಮಾರಾಟ ಪಟ್ಟಿ ತಯಾರಾಗುತ್ತದೆ. ಕಮಿಷನ್, ಹಮಾಲಿ, ಮುಂಗಡ ಕಳೆದು ಉಳಿದದ್ದು ಸದಸ್ಯರ ಆಸಾಮಿ ಖಾತೆಗೆ (ಅವರ ಹೆಸರಿನ ಖಾತೆಗೆ) ಜಮೆಯಾಗುತ್ತದೆ.

ನಡೆಯುತ್ತಾ ಪ್ರತಿ ಜಾಗದಲ್ಲಿ ನಿಂತು ಕೇಳಬೇಕು: ಇಲ್ಲಿ ಏನು ತಪ್ಪಬಹುದು, ತಪ್ಪದಂತೆ ತಡೆಯುವುದು ಯಾವುದು? ತೂಕದ ಚೀಟಿಗೆ ಅಚ್ಚಾದ ಕ್ರಮಸಂಖ್ಯೆ ಇದೆಯೇ? ಇಲ್ಲದಿದ್ದರೆ ಒಂದು ಚೀಟಿ ಕಾಣೆಯಾದರೂ ಯಾರಿಗೂ ಗೊತ್ತಾಗುವುದಿಲ್ಲ. ರಾಶಿ ಎಂದು ಬಂದದ್ದು ದಾರಿಯಲ್ಲಿ ಬೆಟ್ಟೆಯಾಗಿ ಬದಲಾದರೆ ಯಾರು ಹಿಡಿಯುತ್ತಾರೆ? ಟೆಂಡರ್ ಪೆಟ್ಟಿಗೆಯ ಕೀಲಿ ಯಾರ ಹತ್ತಿರ, ತೆರೆಯುವಾಗ ಎಷ್ಟು ಜನ ಇರುತ್ತಾರೆ? ಕಂಪ್ಯೂಟರಿಗೆ ದರ ಹಾಕುವವರು ಟೆಂಡರ್ ತೆರೆದವರೇ ಆಗಿದ್ದಾರಾ? ವ್ಯಾಪಾರಿ ಹಳೆ ಬಾಕಿ ಉಳಿಸಿಕೊಂಡೇ ಹೊಸ ಮಾಲು ಎತ್ತಲು ಬಂದರೆ ಗೇಟ್ ಪಾಸ್ ನಿಲ್ಲಿಸುವ ಅಧಿಕಾರ ಯಾರಿಗಿದೆ?

ಉತ್ತರವನ್ನು ವ್ಯವಸ್ಥಾಪಕರ ಕೋಣೆಯಲ್ಲಿ ಕುಳಿತು ಕೇಳಿದರೆ ಪದ್ಧತಿ ಹೇಗಿರಬೇಕು ಎನ್ನುವುದು ಸಿಗುತ್ತದೆ. ಹೇಗಿದೆ ಎನ್ನುವುದು ಸಿಗಬೇಕಾದರೆ ತೂಕ ಹಾಕುವವರನ್ನೇ ಕೇಳಬೇಕು. "ಸರ್ವರ್ ಡೌನ್ ಆದಾಗ ಏನು ಮಾಡ್ತೀರಿ?" ಎಂದು ಕೇಳಿ ನೋಡಿ. "ಬಿಳಿ ಹಾಳೆಯಲ್ಲಿ ಬರೆದಿಟ್ಟು ಆಮೇಲೆ ಹಾಕ್ತೇವೆ ಸರ್" ಎಂಬ ಉತ್ತರ ಬಂದರೆ, ಆ ಬಿಳಿ ಹಾಳೆಗಳು ಎಲ್ಲಿವೆ ಎಂಬುದೇ ಮುಂದಿನ ಪ್ರಶ್ನೆ. ವ್ಯವಸ್ಥೆಯ ತೂತು ಸಾಮಾನ್ಯವಾಗಿ ಇಂಥ ಕಡೆ ಇರುತ್ತದೆ.

ನಿಯಂತ್ರಣದ ಪರೀಕ್ಷೆ

ಪದ್ಧತಿ ಕಾಗದದ ಮೇಲೆ ಚೆನ್ನಾಗಿದೆ ಎಂದು ಗೊತ್ತಾದ ಮೇಲೆ, ಅದು ವರ್ಷವಿಡೀ ನಡೆದಿದೆಯೇ ಎಂದು ನೋಡಬೇಕು. ಇದಕ್ಕೆ ನಾಲ್ಕು ದಾರಿ: ಕೇಳುವುದು, ಕಣ್ಣಾರೆ ನೋಡುವುದು, ಕಾಗದ ತೆಗೆದು ಪರಿಶೀಲಿಸುವುದು, ನಾವೇ ಮತ್ತೊಮ್ಮೆ ಮಾಡಿ ನೋಡುವುದು. ಬರೀ ಕೇಳುವುದು ಎಂದಿಗೂ ಸಾಲದು. ಕಣ್ಣಾರೆ ನೋಡಿದ್ದು ಆ ದಿನಕ್ಕೆ ಮಾತ್ರ ಸಾಕ್ಷಿ, ಆಡಿಟರ್ ನಿಂತಿದ್ದಾಗ ಎಲ್ಲರೂ ನೆಟ್ಟಗೇ ಮಾಡುತ್ತಾರೆ. ಹಾಗಾಗಿ ಗಟ್ಟಿಯಾದದ್ದು ಕೊನೆಯದು.

ಟೆಂಡರ್‌ನ ಉದಾಹರಣೆಯನ್ನೇ ತೆಗೆದುಕೊಳ್ಳಿ. ವರ್ಷದ ಎಲ್ಲ ಲಾಟ್‌ಗಳ ಪಟ್ಟಿಯಿಂದ 25 ಲಾಟ್ ಆರಿಸಿ. ಕೊನೆಕೊಯ್ಲಿನ ನಂತರದ ಭರ್ತಿ ಆವಕದ ತಿಂಗಳುಗಳಿಂದಲೂ ಬರಲಿ, ಮಳೆಗಾಲದ ಖಾಲಿ ದಿನಗಳಿಂದಲೂ ಬರಲಿ. ಪ್ರತಿ ಲಾಟಿಗೆ ಬಂದ ಎಲ್ಲ ಚೀಟಿಗಳನ್ನು ತರಿಸಿಕೊಂಡು ಅತಿ ಹೆಚ್ಚು ದರ ಯಾವುದು ಎಂದು ನೀವೇ ಹುಡುಕಿ. ಆಮೇಲೆ ಮಾರಾಟ ಪಟ್ಟಿಯ ದರದ ಜೊತೆ ತಾಳೆ ನೋಡಿ. ಟೆಂಡರ್ ಹಾಳೆಯಲ್ಲಿ ಇಬ್ಬರ ಸಹಿ ಇದ್ದರೆ ಸಾಲದು. ಸಹಿ ಇದ್ದೂ ದರ ತಪ್ಪಿದ್ದರೆ, ಆ ಇಬ್ಬರೂ ನೋಡದೆ ಸಹಿ ಮಾಡಿದ್ದಾರೆ ಎಂದರ್ಥ. ಇಡೀ ತಿಂಗಳ ಹಾಳೆಗಳಲ್ಲಿ ಒಂದೇ ಪೆನ್ನು, ಒಂದೇ ಓರೆ, ಒಂದೇ ಒತ್ತಡ ಕಂಡರೆ ಆ ಸಹಿಗಳು ಒಂದೇ ಕೂರಿಕೆಯಲ್ಲಿ ಬಿದ್ದವು ಎಂಬ ಅನುಮಾನ ಬರಬೇಕು. ನಿಯಂತ್ರಣ ಅನ್ನುವುದು ಸಹಿಯಲ್ಲಿಲ್ಲ, ಸಹಿ ಹಾಕುವ ಮುಂಚಿನ ಆ ಎರಡು ನಿಮಿಷದ ನೋಟದಲ್ಲಿದೆ.

25 ಯಾಕೆ? ದಿನಕ್ಕೆ ಹಲವು ಸಲ ನಡೆಯುವ ಕೆಲಸಕ್ಕೆ 25ರಿಂದ 40, ತಿಂಗಳಿಗೊಮ್ಮೆ ನಡೆಯುವುದಕ್ಕೆ 2 ಅಥವಾ 3, ವರ್ಷಕ್ಕೊಮ್ಮೆಯದಕ್ಕೆ 1 ಎಂಬುದು ಬಳಕೆಯಲ್ಲಿರುವ ಅಳತೆ. ಇದರ ಹಿಂದೆ ಗಣಿತವಿದೆ. ಯಾದೃಚ್ಛಿಕವಾಗಿ 25 ತೆಗೆದು ಒಂದೂ ತಪ್ಪು ಸಿಗದಿದ್ದರೆ, ಒಟ್ಟಾರೆ ತಪ್ಪಿನ ಪ್ರಮಾಣ ಸುಮಾರು ಶೇ 9 ಮೀರಿಲ್ಲ ಎಂದು ಶೇ 90ರ ಭರವಸೆಯಿಂದ ಹೇಳಬಹುದು. 60 ತೆಗೆದು ಒಂದೂ ಸಿಗದಿದ್ದರೆ, ಶೇ 5 ಮೀರಿಲ್ಲ ಎಂದು ಶೇ 95ರ ಭರವಸೆಯಿಂದ ಹೇಳಬಹುದು. ಅಂದರೆ 25ರಲ್ಲಿ ಎಲ್ಲ ಸರಿ ಇದ್ದರೂ ನೂರಕ್ಕೆ ಎಂಟು ಲಾಟ್‌ಗಳಲ್ಲಿ ತಪ್ಪಿರುವ ಸಾಧ್ಯತೆ ಉಳಿದೇ ಇರುತ್ತದೆ. ಆಡಿಟರ್ ಕೊಡುವುದು ಸಮಂಜಸ ಭರವಸೆ ಮಾತ್ರ, ಪೂರ್ಣ ಖಾತ್ರಿಯಲ್ಲ ಎನ್ನುವುದು ಈ ಸಂಖ್ಯೆಗಳಲ್ಲೇ ಕಾಣುತ್ತದೆ.

25ರಲ್ಲಿ ಒಂದು ತಪ್ಪು ಸಿಕ್ಕರೆ ಆ ಒಂದನ್ನು ಬದಿಗಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವಂತಿಲ್ಲ. ಯಾಕಾಯಿತು ಎಂದು ಕೇಳಬೇಕು. ನಿಗದಿತ ಸಿಬ್ಬಂದಿ ರಜೆಯಲ್ಲಿದ್ದಾಗ ಆಯಿತು ಅಂದರೆ, ಅವರ ರಜೆಯ ಎಲ್ಲ ದಿನಗಳನ್ನೂ ನೋಡಬೇಕು.

ಇನ್ನು ಹಳ್ಳಿಯ ಚಿಕ್ಕ ಸಂಘ. ಕಾರ್ಯದರ್ಶಿ, ಒಬ್ಬ ಗುಮಾಸ್ತ, ಒಬ್ಬ ಸಹಾಯಕ, ಅಷ್ಟೇ ಜನ. ಅಲ್ಲಿ ಹಣ ತೆಗೆದುಕೊಳ್ಳುವವರೇ ಕಿರ್ದಿ (ದಿನದ ಲೆಕ್ಕದ ಪುಸ್ತಕ) ಬರೆಯುತ್ತಾರೆ, ಅವರೇ ಬ್ಯಾಂಕಿಗೆ ಹೋಗುತ್ತಾರೆ. ಕೆಲಸ ಹಂಚಿ ಎಂದು ಬರೆದರೆ ಹಂಚಲು ಜನವೇ ಇಲ್ಲ. ಅಂಥ ಕಡೆ ನಿಯಂತ್ರಣವನ್ನು ನಂಬಿ ಪರೀಕ್ಷೆ ಕಡಿಮೆ ಮಾಡುವ ಆಲೋಚನೆ ಬಿಡಬೇಕು. ನೇರವಾಗಿ ಬಾಕಿಗಳನ್ನೇ ಹೆಚ್ಚು ಪರೀಕ್ಷಿಸಬೇಕು. ಮಂಡಳಿಗೆ ಕೊಡಬಹುದಾದ ಸಲಹೆಯೂ ಸರಳ: ಒಬ್ಬ ನಿರ್ದೇಶಕರು ತಿಂಗಳಿಗೊಮ್ಮೆ ಹೇಳದೆ ಕೇಳದೆ ಬಂದು ನಗದು ಎಣಿಸಿ, ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತಾವೇ ತರಿಸಿ ತಾಳೆ ನೋಡಿ, ತಾರೀಖು ಹಾಕಿ ಸಹಿ ಮಾಡಬೇಕು. ಖರ್ಚಿಲ್ಲದ ಕೆಲಸ, ಆದರೆ ಬಹಳ ಪರಿಣಾಮದ್ದು.

ಯಾವ ಕಡೆಯಿಂದ ನೋಡಬೇಕು?

ಬಾಕಿಗಳನ್ನು ಪರೀಕ್ಷಿಸುವಾಗ ಹೊಸಬರು ಹೆಚ್ಚಾಗಿ ತಡವರಿಸುವುದು ದಿಕ್ಕಿನ ವಿಷಯದಲ್ಲಿ. ಖತಾವಣಿಯಿಂದ (ಲೆಡ್ಜರಿನಿಂದ) ಒಂದು ನಮೂದು ಹಿಡಿದು ವೋಚರ್‌ಗೆ ಹೋದರೆ, ಬರೆದದ್ದು ನಿಜವಾಗಿ ನಡೆದಿದೆಯೇ ಎಂದು ತಿಳಿಯುತ್ತದೆ. ಬರೆಯದೇ ಬಿಟ್ಟದ್ದು ಆ ದಾರಿಯಲ್ಲಿ ಎಂದೂ ಸಿಗುವುದಿಲ್ಲ. ಅದಕ್ಕೆ ಗೇಟಿನ ತೂಕದ ಚೀಟಿ ಹಿಡಿದು ಖತಾವಣಿಯ ಕಡೆ ಬರಬೇಕು. ಆಸ್ತಿ ಮತ್ತು ಆದಾಯವನ್ನು ಹೆಚ್ಚು ತೋರಿಸಿದ್ದಾರೆ ಎಂಬ ಅನುಮಾನವಿದ್ದರೆ ಪುಸ್ತಕದಿಂದ ಹೊರಗೆ ಹೋಗಿ. ಕೊಡಬೇಕಾದ ಬಾಕಿಯನ್ನು ಮುಚ್ಚಿದ್ದಾರೆ ಎಂಬ ಅನುಮಾನವಿದ್ದರೆ ಹೊರಗಿನಿಂದ ಪುಸ್ತಕಕ್ಕೆ ಬನ್ನಿ.

ನಗದು, ಬ್ಯಾಂಕು

ನಗದು ಎಣಿಕೆ ಹೇಳದೇ ಆಗಬೇಕು. ಕೌಂಟರ್, ಸುಪರ್ ಮಾರ್ಕೆಟ್, ಗೊಬ್ಬರದ ಅಂಗಡಿ ಎಲ್ಲ ಕಡೆ ಒಂದೇ ಹೊತ್ತಿಗೆ. ಇಲ್ಲದಿದ್ದರೆ ಇಲ್ಲಿ ಎಣಿಸಿದ ನೋಟು ಅಲ್ಲಿಗೆ ಹೋಗಿ ಕೂರುತ್ತದೆ. ಕ್ಯಾಷಿಯರ್ ಎದುರಿಗೇ ಎಣಿಸಿ, ಅವರ ಸಹಿ ಪಡೆಯಿರಿ. ಡ್ರಾಯರಿನಲ್ಲಿ "ಕೈಗಡ 5,000" ಎಂಬ ಚೀಟಿ ಸಿಕ್ಕರೆ ಅದು ನಗದಲ್ಲ. ಬ್ಯಾಂಕ್ ಬಾಕಿಯ ದೃಢೀಕರಣ ಪತ್ರ ಬ್ಯಾಂಕಿನಿಂದ ನೇರ ಆಡಿಟರ್ ವಿಳಾಸಕ್ಕೆ ಬರಬೇಕು, ಸಂಘದ ಮೂಲಕ ಅಲ್ಲ. ಎಸ್‌ಎ 505ರ ಮುಖ್ಯ ಅಂಶವೇ ಇದು. ಮಾರ್ಚ್ 31ಕ್ಕೆ ಪಾಸಾಗದ ಚೆಕ್ಕುಗಳು ಏಪ್ರಿಲ್‌ನ ಸ್ಟೇಟ್‌ಮೆಂಟಿನಲ್ಲಿ ಪಾಸಾಗಿವೆಯೇ ನೋಡಿ. ಠೇವಣಿ ರಸೀದಿಯ ಮೂಲ ಪ್ರತಿ ನೋಡುವುದರ ಜೊತೆಗೆ, ಅದರ ಮೇಲೆ ಸಾಲ ಎತ್ತಿದ್ದಾರೆಯೇ ಎಂದು ಬ್ಯಾಂಕನ್ನೇ ಕೇಳಿ.

ಸಾಲ: ಮಾರ್ಚ್ ಕೊನೆಯ ವಾರ

ಸಂಘದ ದೊಡ್ಡ ಆಸ್ತಿ ಸದಸ್ಯರಿಗೆ ಕೊಟ್ಟ ಸಾಲ. ಎಲ್ಲ ಖಾತೆ ನೋಡಲು ಆಗದಿದ್ದಾಗ ರೂಪಾಯಿಯನ್ನೇ ಲೆಕ್ಕದ ಘಟಕ ಮಾಡಿಕೊಂಡು ಆರಿಸುವ ಪದ್ಧತಿ ಇದೆ. ಒಟ್ಟು ಸಾಲ 9 ಕೋಟಿ, ಸಹಿಸಬಹುದಾದ ತಪ್ಪು 30 ಲಕ್ಷ ಅನ್ನಿ. ಶೇ 95ರ ಭರವಸೆಗೆ 30 ಲಕ್ಷವನ್ನು 3ರಿಂದ ಭಾಗಿಸಬೇಕು. 10 ಲಕ್ಷ ಬಂತು. ಪಟ್ಟಿಯ ಬಾಕಿಗಳನ್ನು ಮೇಲಿಂದ ಕೂಡಿಸುತ್ತಾ ಹೋಗಿ, ಪ್ರತಿ 10 ಲಕ್ಷ ದಾಟಿದಾಗ ಸಿಗುವ ಖಾತೆಯನ್ನು ಆರಿಸಿ. ಮೊದಲ ಬಿಂದುವನ್ನು ಮಾತ್ರ ಚೀಟಿ ಎತ್ತಿದ ಹಾಗೆ ಗೊತ್ತುಮಾಡಬೇಕು. ಒಟ್ಟು 90 ಆಯ್ಕೆ. 10 ಲಕ್ಷ ಮೀರಿದ ಸಾಲ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ, ಸಣ್ಣ ಸಾಲಗಳಿಗೂ ಅವಕಾಶ ಇದ್ದೇ ಇರುತ್ತದೆ.

ಆರಿಸಿದ ಖಾತೆಗಳಿಗೆ ಬಾಕಿ ಒಪ್ಪಿಗೆ ಪತ್ರ ಕಳಿಸಬೇಕು. ಇಲ್ಲಿ ನಮ್ಮ ಊರಿನದೇ ಒಂದು ತೊಡಕು ಇದೆ. ಪತ್ರಗಳನ್ನು ಸಂಘದ ಸಿಬ್ಬಂದಿಯ ಕೈಯಲ್ಲಿ ಕೊಟ್ಟು "ದಾರಿಯಲ್ಲಿ ಕೊಟ್ಟು ಸಹಿ ಹಾಕಿಸ್ಕೊಂಡು ಬನ್ನಿ" ಅನ್ನುವುದು ಸುಲಭ. ಆದರೆ ಹಾಗೆ ಬಂದ ಸಹಿ ಸಾಲಗಾರನದೇ ಎಂದು ಹೇಗೆ ಹೇಳುವುದು? ಪತ್ರ ಆಡಿಟರ್ ಅಂಚೆಗೆ ಹಾಕಬೇಕು, ಉತ್ತರ ಆಡಿಟರ್ ಕಚೇರಿಗೆ ಬರಬೇಕು. ಬಾರದಿದ್ದರೆ ಎರಡನೇ ಪತ್ರ. ಆಗಲೂ ಇಲ್ಲದಿದ್ದರೆ ಮಾರ್ಚ್ ನಂತರ ಅವರು ಕಟ್ಟಿದ ಹಣ, ಸಾಲದ ಅರ್ಜಿ, ಪಹಣಿ, ಹಣ ಹೋದ ಬ್ಯಾಂಕ್ ಖಾತೆ ಇವನ್ನು ನೋಡಬೇಕು. ಸಾಧ್ಯವಿದ್ದಲ್ಲಿ ಮನೆಗೇ ಹೋಗಿ ಸದಸ್ಯರ ಹತ್ತಿರವಿರುವ ಪಾಸ್ ಪುಸ್ತಕದ ಜೊತೆ ತಾಳೆ ಹಾಕಬೇಕು. ಪಾಸ್ ಪುಸ್ತಕದಲ್ಲಿ ಒಂದು ಬಾಕಿ, ಖತಾವಣಿಯಲ್ಲಿ ಇನ್ನೊಂದು ಅಂತ ಕಂಡರೆ ಅಲ್ಲಿಗೆ ಉಳಿದ ಕೆಲಸ ನಿಲ್ಲಿಸಿ ಅದನ್ನೇ ಹಿಡಿಯಬೇಕು.

ಬೆಳೆಸಾಲದಲ್ಲಿ ಮಾರ್ಚ್ ಕೊನೆಯ ವಾರ ಮತ್ತು ಏಪ್ರಿಲ್ ಮೊದಲ ವಾರ ಬಹಳ ಮುಖ್ಯ. ರಾಜ್ಯದಲ್ಲಿ ಸಹಕಾರ ಸಂಘಗಳ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಈ ಸೌಲಭ್ಯ ಸಿಗಬೇಕಾದರೆ ಸಕಾಲಕ್ಕೆ ಮರುಪಾವತಿಯಾಗಬೇಕು. ಹಾಗಾಗಿ ಕೈಗಡ ಮಾಡಿ ಕಟ್ಟಿ, ಒಂದೆರಡು ದಿನದಲ್ಲಿ ಮತ್ತೆ ಅಷ್ಟೇ ಸಾಲ ಎತ್ತುವುದು ಎಲ್ಲ ಕಡೆ ಕಾಣುತ್ತದೆ. ರೈತ ನಿಜವಾಗಿ ಹಣ ತಂದು ಕಟ್ಟಿದ್ದರೆ ಅದೊಂದು. ಹಣವೇ ಬಾರದೆ ಪುಸ್ತಕದಲ್ಲಿ ಜಮಾ-ಖರ್ಚು ಮಾತ್ರ ಆಗಿದ್ದರೆ, ಅದು ಸುಸ್ತಿ ಸಾಲವನ್ನು ಚಾಲ್ತಿ ಎಂದು ತೋರಿಸಿದಂತೆ. ಪರೀಕ್ಷೆ ಹೀಗೆ: ಆ ಎರಡು ವಾರಗಳಲ್ಲಿ ಒಂದೇ ಖಾತೆಯಲ್ಲಿ ಒಂದೇ ಮೊತ್ತದ ಜಮೆ ಮತ್ತು ನಾಮೆ (ಖರ್ಚು) ಇರುವವನ್ನೆಲ್ಲ ಪಟ್ಟಿ ಮಾಡಿ. ಆ ದಿನದ ನಗದು ಕಿರ್ದಿಯಲ್ಲಿ ಅಷ್ಟು ನಗದು ಬಂದಿತ್ತೇ, ಬ್ಯಾಂಕಿಗೆ ಹೋಗಿತ್ತೇ ನೋಡಿ. ಸುಸ್ತಿಯ ವಯಸ್ಸಿನ ಪಟ್ಟಿಯನ್ನು ಸಂಘ ಕೊಟ್ಟಂತೆ ಒಪ್ಪಬೇಡಿ, ಆರಿಸಿದ ಖಾತೆಗಳಿಗೆ ಕಂತಿನ ತಾರೀಖಿನಿಂದ ನೀವೇ ಎಣಿಸಿ. ಸರ್ಕಾರದಿಂದ ಬರತಕ್ಕ ಬಡ್ಡಿ ಸಹಾಯಧನ ಎಂದು ಆಸ್ತಿ ಬದಿಯಲ್ಲಿ ಕೂತ ಮೊತ್ತ ಎಷ್ಟು ವರ್ಷದ್ದು, ಕ್ಲೇಮಿನಲ್ಲಿ ಎಷ್ಟು ತಿರಸ್ಕಾರವಾಗಿದೆ ಎನ್ನುವುದನ್ನೂ ಇದೇ ಕೂರಿಕೆಯಲ್ಲಿ ನೋಡಿಬಿಡಬೇಕು.

ಚಿನ್ನದ ಸಾಲಕ್ಕೆ ಪೊಟ್ಟಣಗಳನ್ನು ರಿಜಿಸ್ಟರಿನ ಜೊತೆ ಎಣಿಸುವುದು ಮೊದಲ ಕೆಲಸ. ಕೆಲವನ್ನು ತೆರೆಸಿ, ಸಂಘದ ಸರಾಫರಲ್ಲದ ಬೇರೆಯವರಿಂದ ತೂಕ ಮತ್ತು ಗುಣ ನೋಡಿಸಬೇಕು.

ವಕಾರಿಯ ಅಡಿಕೆ ಯಾರದು?

ಮಾರ್ಚ್ 31ರಂದು ವಕಾರಿಯಲ್ಲಿ ರಾಶಿ ರಾಶಿ ಮೂಟೆ ಇರುತ್ತದೆ. ಅದರಲ್ಲಿ ಹೆಚ್ಚಿನದು ಸಂಘದ ಆಸ್ತಿಯೇ ಅಲ್ಲ. ಸದಸ್ಯರು ಮಾರಾಟಕ್ಕೆ ಇಟ್ಟದ್ದು ಸದಸ್ಯರದು, ಸಂಘ ಕಮಿಷನ್ ಏಜೆಂಟ್ ಮಾತ್ರ. ಅಡವಿಟ್ಟು ಸಾಲ ಪಡೆದದ್ದು ಭದ್ರತೆ, ಅದೂ ಸದಸ್ಯರದೇ. ವ್ಯಾಪಾರಿ ಖರೀದಿಸಿ ಇನ್ನೂ ಎತ್ತದೇ ಇರುವುದು ವ್ಯಾಪಾರಿಯದು. ಸಂಘ ತಾನೇ ಖರೀದಿಸಿದ ಅಡಿಕೆ ಮಾತ್ರ ಅಢಾವೆ ಪತ್ರಿಕೆಯ ದಾಸ್ತಾನಿಗೆ ಬರಬೇಕು. ಎಣಿಕೆಗೆ ಹೋದಾಗ ಈ ನಾಲ್ಕನ್ನೂ ಬೇರೆ ಬೇರೆ ಕಟ್ಟಿಟ್ಟಿದ್ದಾರಾ, ಲಾಟ್ ಚೀಟಿ ಎಲ್ಲದರ ಮೇಲೂ ಇದೆಯಾ ನೋಡಿ. ಮಿಶ್ರವಾಗಿ ಇದ್ದರೆ ಯಾವ ಎಣಿಕೆಗೂ ಅರ್ಥ ಇಲ್ಲ.

ಎಣಿಕೆ ಎರಡು ದಿಕ್ಕಿನಲ್ಲಿ. ರಿಜಿಸ್ಟರಿನಿಂದ ಹತ್ತು ಲಾಟ್ ಆರಿಸಿ ನೆಲದಲ್ಲಿ ಹುಡುಕಿ. ನೆಲದಿಂದ ಹತ್ತು ಲಾಟ್ ಆರಿಸಿ ರಿಜಿಸ್ಟರಿನಲ್ಲಿ ಹುಡುಕಿ. ಮುಂದಿನ ಸಾಲಿನ ಮೂಟೆಗಳನ್ನೇ ತೂಗಬೇಡಿ, ಒಟ್ಟಿದ ರಾಶಿಯ ಮಧ್ಯದಿಂದ ತೆಗೆಸಿ. ತೆರೆದು ನೋಡಿ. ಚಾಲಿ ಎಂದು ಬರೆದ ಚೀಲದಲ್ಲಿ ಕೋಕಾ ಇದ್ದರೆ ಬೆಲೆಯಲ್ಲಿ ಬಹಳ ವ್ಯತ್ಯಾಸ. ಅಡಿಕೆ ಗೊತ್ತಿಲ್ಲದ ಆಡಿಟರ್ ಗೊತ್ತಿರುವ, ಆ ಸಂಘಕ್ಕೆ ಸೇರದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಒಣಗಿ ತೂಕ ಇಳಿಯುವುದು ಸಹಜ. ಆದರೆ ತೂಕದ ಕಡಿತ ಎಂದು ಬರೆದದ್ದು ಯಾವ ಗೋದಾಮಿನಲ್ಲಿ, ಯಾರ ಉಸ್ತುವಾರಿಯಲ್ಲಿ ಜಾಸ್ತಿ ಎಂದು ಹೋಲಿಸಿ ನೋಡಬೇಕು. ಬೆಲೆ ಹಾಕುವಾಗ ಖರೀದಿ ಬೆಲೆ ಮತ್ತು ಮಾರಿದರೆ ಖರ್ಚು ಕಳೆದು ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯದು. ದರ ಇಳಿದ ವರ್ಷ ಇದನ್ನು ಮರೆತರೆ ಲಾಭ ಸುಳ್ಳಾಗುತ್ತದೆ. ಏಪ್ರಿಲ್ ಮೊದಲ ವಾರದ ಟೆಂಡರ್ ದರಗಳು ಇದಕ್ಕೆ ಒಳ್ಳೆಯ ಸಾಕ್ಷಿ.

ವರ್ಷದ ಗಡಿಯನ್ನೂ ಇಲ್ಲೇ ಪರೀಕ್ಷಿಸಿ. ಮಾರ್ಚ್ 31ರ ಕೊನೆಯ ಮಾರಾಟ ಪಟ್ಟಿ, ಕೊನೆಯ ಗೇಟ್ ಪಾಸ್ ಇವುಗಳ ಕ್ರಮಸಂಖ್ಯೆಯನ್ನು ಎಣಿಕೆಯ ದಿನವೇ ಬರೆದುಕೊಳ್ಳಿ. ಅದರ ಹಿಂದಿನ ಕೆಲವು, ಮುಂದಿನ ಕೆಲವು ಪಟ್ಟಿ ತೆಗೆದು ಕಮಿಷನ್ ಸರಿಯಾದ ವರ್ಷಕ್ಕೆ ಬಿದ್ದಿದೆಯೇ ನೋಡಿ.

ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ?

ಸರಾಸರಿ ಸಾಲ 9 ಕೋಟಿ, ಸರಾಸರಿ ಬಡ್ಡಿ ಶೇ 10 ಆದರೆ ಬಡ್ಡಿ ಆದಾಯ ಸುಮಾರು 90 ಲಕ್ಷ ಇರಬೇಕು. ಪುಸ್ತಕದಲ್ಲಿ 1 ಕೋಟಿ 5 ಲಕ್ಷ ಇದೆ ಅಂದರೆ ಆ 15 ಲಕ್ಷಕ್ಕೆ ಕಾರಣ ಬೇಕು. ವಸೂಲಾಗದ ಸಾಲದ ಮೇಲೆ ಬಡ್ಡಿ ಕಟ್ಟಿ ಆದಾಯ ಎಂದು ತೋರಿಸಿದ್ದಾರೆಯೇ ಎಂದು ಮೊದಲು ನೋಡಿ.

ಘಟ್ಟದ ಕೆಳಗಿನ ಒಂದು ಉದಾಹರಣೆ ಹೇಳಲೇಬೇಕು. ಕಾರವಾರದ ಬೈತಖೋಲ್ ಬಂದರಿನಂಥ ಕಡೆ ಮೀನುಗಾರರ ಸಂಘ ಐಸ್ ಪ್ಲಾಂಟ್ ನಡೆಸುತ್ತಿದೆ ಅಂದುಕೊಳ್ಳಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಗಳು ಹೋಗುವುದರಿಂದ ಐಸ್ ಮಾರಾಟ ಪೂರ್ತಿ ನಿಲ್ಲುವುದಿಲ್ಲ, ಆದರೆ ಕುಸಿಯಲೇಬೇಕು. ಜೂನ್‌ನ ಮಾರಾಟ ಮೇ ತಿಂಗಳಷ್ಟೇ ಇದ್ದರೆ ಆ ಬಿಲ್ಲುಗಳನ್ನು ಒಂದೊಂದಾಗಿ ನೋಡಬೇಕು. ಇದಕ್ಕಿಂತ ಚೆಂದದ ಪರೀಕ್ಷೆ ಹೆಸ್ಕಾಂ ಬಿಲ್. ಐಸ್ ಮಾಡಲು ಕರೆಂಟ್ ಬೇಕು. ಪ್ರತಿ ತಿಂಗಳ ಯೂನಿಟ್ ಒಂದು ಕಡೆ, ಮಾರಿದ ಐಸ್ ಬ್ಲಾಕ್ ಇನ್ನೊಂದು ಕಡೆ ಬರೆದು, ಒಂದು ಬ್ಲಾಕಿಗೆ ಎಷ್ಟು ಯೂನಿಟ್ ಎಂದು ಹನ್ನೆರಡು ತಿಂಗಳಿಗೂ ಲೆಕ್ಕ ಹಾಕಿ. ಯಾವುದೋ ಎರಡು ತಿಂಗಳು ಯೂನಿಟ್ ಹಾಗೇ ಇದ್ದು ಬ್ಲಾಕ್ ಕಡಿಮೆಯಾಗಿದ್ದರೆ, ಐಸ್ ತಯಾರಾಗಿದೆ, ಬಿಲ್ ಆಗಿಲ್ಲ ಎಂಬ ಸಂಶಯಕ್ಕೆ ಜಾಗವಿದೆ. ಮೀಟರ್ ಓದಿದವರು ಸಂಘದವರಲ್ಲ, ಅದಕ್ಕೇ ಈ ಬಿಲ್ಲಿಗೆ ಇಷ್ಟು ಬೆಲೆ.

ಕಂಪ್ಯೂಟರ್ ಒಳಗಿನ ನಮೂದುಗಳು

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಕೇಂದ್ರ ಯೋಜನೆಗೆ 2022ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಅದು ದೇಶದ ಸುಮಾರು 63,000 ಸಂಘಗಳಿಗೆ 2,516 ಕೋಟಿ ರೂಪಾಯಿಯ ಯೋಜನೆಯಾಗಿತ್ತು. ಹಳೆ ಪುಸ್ತಕದಿಂದ ಹೊಸ ತಂತ್ರಾಂಶಕ್ಕೆ ಬಾಕಿಗಳು ದಾಟಿದ ವರ್ಷ ವಿಶೇಷ ಎಚ್ಚರ ಬೇಕು. ಹಳೆ ಖತಾವಣಿಯ ಒಟ್ಟು ಮೊತ್ತ ಹೊಂದಿದರೆ ಸಾಲದು, ಒಂದೊಂದು ಆಸಾಮಿಯ ಬಾಕಿಯೂ ಹೊಂದಬೇಕು. ಹೊಂದದ್ದನ್ನು ತಾತ್ಕಾಲಿಕ ಖಾತೆಗೆ ತಳ್ಳಿ ಮರೆತಿರುವುದು ಸಾಮಾನ್ಯ.

ಆಮೇಲೆ ವರ್ಷದ ಎಲ್ಲ ನಮೂದುಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಆರಂಭ ಬಾಕಿಗೆ ಈ ನಮೂದುಗಳನ್ನು ಸೇರಿಸಿದರೆ ಅಂತಿಮ ಬಾಕಿ ಬರುತ್ತದೆಯೇ ಎಂದು ಮೊದಲು ನೋಡಿ. ಬಾರದಿದ್ದರೆ ನಿಮಗೆ ಪೂರ್ತಿ ಪಟ್ಟಿ ಕೊಟ್ಟಿಲ್ಲ. ನಂತರ ಸೋಸಿ: ಭಾನುವಾರದ ನಮೂದು, ರಾತ್ರಿಯದು, ಸೊನ್ನೆಗಳಲ್ಲಿ ಮುಗಿಯುವ ದೊಡ್ಡ ಮೊತ್ತ, ಏಪ್ರಿಲ್‌ನಲ್ಲಿ ಕುಳಿತು ಮಾರ್ಚ್ ತಾರೀಖು ಹಾಕಿದ್ದು, ಸಾಮಾನ್ಯವಾಗಿ ನಮೂದು ಮಾಡದವರ ಐಡಿಯಿಂದ ಬಂದದ್ದು. ಮೇಲಿನವರು ನಿಯಂತ್ರಣವನ್ನು ದಾಟಿ ಹೋಗುವ ಅಪಾಯ ಎಲ್ಲ ಸಂಸ್ಥೆಯಲ್ಲೂ ಇದೆ ಎಂದು ಎಸ್‌ಎ 240 ಹೇಳುತ್ತದೆ. ಹಾಗಾಗಿ ಈ ಪರೀಕ್ಷೆಯನ್ನು ಯಾರ ಮೇಲೆ ಎಷ್ಟೇ ವಿಶ್ವಾಸವಿದ್ದರೂ ಬಿಡುವಂತಿಲ್ಲ. ಮಾನಿಟರ್ ಅಂಚಿಗೆ ಪಾಸ್‌ವರ್ಡ್ ಚೀಟಿ ಅಂಟಿಸಿದ್ದರೆ ಯಾವ ಐಡಿ ಯಾರದೆಂಬ ಮಾತಿಗೇ ಬೆಲೆ ಉಳಿಯುವುದಿಲ್ಲ. ಕಂಪನಿಗಳಾದರೆ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಸುವ ತಂತ್ರಾಂಶ ಕಡ್ಡಾಯ.

ಸಿಕ್ಕ ತಪ್ಪುಗಳನ್ನು ಏನು ಮಾಡುವುದು?

ನಮೂನೆಯಲ್ಲಿ, ಅಂದರೆ ಪರೀಕ್ಷೆಗೆ ಆರಿಸಿದವುಗಳಲ್ಲಿ, ಸಿಕ್ಕ ತಪ್ಪನ್ನು ತಿದ್ದಿಸಿದರೆ ಮುಗಿಯಲಿಲ್ಲ. 10 ಲಕ್ಷದ ನಮೂನೆಯಲ್ಲಿ 20,000 ತಪ್ಪು ಸಿಕ್ಕಿದೆ, ಒಟ್ಟು ಬಾಕಿ 1 ಕೋಟಿ ಅಂದರೆ, ಅದೇ ಪ್ರಮಾಣದಲ್ಲಿ 2 ಲಕ್ಷ ತಪ್ಪಿರಬಹುದು ಎಂದು ಅಂದಾಜಿಸಬೇಕು. ಎಲ್ಲ ಅಂದಾಜುಗಳನ್ನೂ ಒಂದು ಹಾಳೆಯಲ್ಲಿ ಕೂಡಿಸಿ ಮೊದಲು ಎಳೆದ ಗೆರೆಯ ಜೊತೆ ಹೋಲಿಸಬೇಕು. ತಿದ್ದಲು ಆಡಳಿತ ಮಂಡಳಿಗೆ ಹೇಳಬೇಕು. ತಿದ್ದದೇ ಉಳಿದದ್ದು ಗೆರೆ ದಾಟಿದರೆ ವರದಿಯಲ್ಲಿ ಬರುತ್ತದೆ.

ವರದಿ ನಾಲ್ಕು ಬಗೆ. ಎಲ್ಲ ಸರಿ ಇದ್ದರೆ ಶುದ್ಧ ವರದಿ. ಒಂದೆರಡು ವಿಷಯ ಬಿಟ್ಟು ಉಳಿದದ್ದು ಸರಿ ಎಂದಾದರೆ ಷರತ್ತಿನ ವರದಿ. ತಪ್ಪು ಇಡೀ ಲೆಕ್ಕವನ್ನೇ ಆವರಿಸಿದ್ದರೆ ಪ್ರತಿಕೂಲ ವರದಿ. ಸಾಕ್ಷಿಯೇ ಸಿಗದಿದ್ದರೆ ಅಭಿಪ್ರಾಯ ಕೊಡಲು ನಿರಾಕರಣೆ. ಸಹಕಾರ ಸಂಘಗಳಿಗೆ ಇದರ ಜೊತೆಗೆ ಎ, ಬಿ, ಸಿ, ಡಿ ಎಂಬ ವರ್ಗೀಕರಣವೂ ಇದೆ. ಸದಸ್ಯರು ಎ ವರ್ಗ ಬಂತೆಂದು ನೆಮ್ಮದಿಪಡುವ ಮೊದಲು ಷರತ್ತಿನ ಸಾಲುಗಳನ್ನು ಓದಬೇಕು.

ನಿಯಂತ್ರಣದ ಕೊರತೆಗಳನ್ನು ಬೇರೆ ಪತ್ರದಲ್ಲಿ ಮಂಡಳಿಗೆ ಬರೆಯಿರಿ. "ಒಳ ನಿಯಂತ್ರಣ ಬಲಪಡಿಸುವುದು" ಎಂಬ ಒಂದು ಸಾಲು ಬರೆದರೆ ಯಾರಿಗೂ ಉಪಯೋಗವಿಲ್ಲ. "ಆರಿಸಿದ 25 ಲಾಟ್‌ಗಳಲ್ಲಿ 3ರ ಟೆಂಡರ್ ಚೀಟಿಗಳು ಸಿಗಲಿಲ್ಲ. ಚೀಟಿಗಳನ್ನು ಲಾಟ್ ಪ್ರಕಾರ ಲಕೋಟೆಯಲ್ಲಿ ಹಾಕಿ, ತೆರೆದವರಿಬ್ಬರೂ ಲಕೋಟೆ ಮೇಲೆ ಸಹಿ ಮಾಡಿ, ಆಡಿಟ್ ಮುಗಿಯುವವರೆಗೆ ಇಡಬೇಕು" ಎಂದು ಬರೆದರೆ ಮರುದಿನವೇ ಮಾಡಬಹುದು.

ಸಹಿ ಹಾಕುವ ದಿನದವರೆಗೂ ಕಿವಿ ತೆರೆದಿರಬೇಕು. ಮಾರ್ಚ್ ನಂತರ ದೊಡ್ಡ ವ್ಯಾಪಾರಿಯೊಬ್ಬರು ಕೈಯೆತ್ತಿದರೆ ಅವರ ಮಾರ್ಚ್ ಬಾಕಿಗೂ ಅದು ತಟ್ಟುತ್ತದೆ. ಎಲ್ಲ ಮಾಹಿತಿ ಕೊಟ್ಟಿದ್ದೇವೆ ಎಂಬ ಲಿಖಿತ ಹೇಳಿಕೆಯನ್ನು ಮಂಡಳಿಯಿಂದ ಪಡೆಯಿರಿ. ಆದರೆ ಅದು ಬೇರೆ ಸಾಕ್ಷಿಯ ಜಾಗದಲ್ಲಿ ನಿಲ್ಲುವುದಿಲ್ಲ.

ಕೊನೆಯ ಕೆಲಸ ಫೈಲು. ವರದಿಯ ತಾರೀಖಿನಿಂದ 60 ದಿನದೊಳಗೆ ಎಲ್ಲ ಹಾಳೆ ಜೋಡಿಸಿ ಮುಗಿಸಬೇಕು, 7 ವರ್ಷ ಇಡಬೇಕು. ಯಾವ ಲಾಟ್, ಯಾವ ಚೀಟಿ, ಯಾರು ನೋಡಿದರು, ಯಾವ ದಿನ, ಏನು ಸಿಕ್ಕಿತು ಎನ್ನುವುದನ್ನು ಆ ಸಂಘದ ಮೆಟ್ಟಿಲು ಹತ್ತದ ಇನ್ನೊಬ್ಬ ಆಡಿಟರ್ ಓದಿದರೂ ಅರ್ಥವಾಗುವಂತೆ ಬರೆಯಿರಿ. ಈ ವರ್ಷ ಉತ್ತರ ಬಾರದ ಒಪ್ಪಿಗೆ ಪತ್ರಗಳ ಪಟ್ಟಿಯನ್ನು ಫೈಲಿನ ಮೊದಲ ಪುಟದಲ್ಲಿಡಿ. ಮುಂದಿನ ವರ್ಷ ಆರಿಸುವಾಗ ಆ ಖಾತೆಗಳು ಮೊದಲು ಬರಲಿ.